ಇನ್ ಕ್ಯಾಮೆರಾ ಎಂದರೆ ಫೋಟೊ ಅಲ್ಲ

ವಕೀಲಿಕೆಯ ಸನ್ನದು ಕೈಗೆ ಬಂದ ಮೇಲೆ ನಾನು ಹೊನ್ನಾಳಿಯಲ್ಲಿ ಒಬ್ಬ ಹಿರಿಯ ವಕೀಲರ ಬಳಿ ಜೂನಿಯರ್ ಆಗಿ ಸೇರಿದೆ. ಮೊದಲ ದಿನ ಅವರು ನನ್ನ ಅಂಕಪಟ್ಟಿ ಕೇಳಲಿಲ್ಲ, ಯಾವ ಕಾಲೇಜು ಎಂದೂ ಕೇಳಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಬೋನಾ ಫೈಡ್ ಅಂದ್ರೆ ಏನಮ್ಮ?" ಎಂದರು.

ನಾನು ಉಬ್ರಾಣಿಯಿಂದ ಚನ್ನಗಿರಿಗೆ ದಿನಾ ಬಸ್ಸಿನಲ್ಲಿ ಹೋಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಶಾಲೆ ಶುರುವಾದ ವಾರ ನಾವು ಹಳ್ಳಿಯ ಮಕ್ಕಳೆಲ್ಲ ಹೆಡ್‌ಮಾಸ್ಟರರ ಕೋಣೆಯ ಮುಂದೆ ಸಾಲಾಗಿ ನಿಂತು ಪಡೆಯುತ್ತಿದ್ದ ಕಾಗದದ ಹೆಸರೇ ಬೋನಾಫೈಡ್. ಹಾಗಾಗಿ ಧೈರ್ಯವಾಗಿಯೇ ಹೇಳಿದೆ: "ಬಸ್ ಪಾಸ್ ಮಾಡ್ಸಾಕೆ ಶಾಲೇಲಿ ಕೊಡೋ ಸರ್ಟಿಫಿಕೇಟ್ ಸರ್."

ಅವರು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ನನಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗಿಬಿಡೋಣ ಅನ್ನಿಸಿತು. ಆದರೆ ನಗು ಮುಗಿದ ಮೇಲೆ ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿ, "ತಪ್ಪೇನಿಲ್ಲ. ಅದು ಲ್ಯಾಟಿನ್ ಮಾತು. ಇನ್ ಗುಡ್ ಫೇತ್ ಅಂತ ಇಂಗ್ಲಿಷಿನಾಗೆ. ಕನ್ನಡದಾಗೆ ಏನಂತೀಯ?" ಎಂದರು. ಸ್ವಲ್ಪ ಯೋಚಿಸಿ, "ಒಳ್ಳೇ ಮನಸ್ಸಿಂದ" ಎಂದೆ. "ನಾಳೆಯಿಂದ ಬಾ," ಎಂದರು. ನನ್ನ ಸಂದರ್ಶನ ಮುಗಿದಿದ್ದು ಹೀಗೆ.

ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಚಿಕ್ಕಂದಿನಲ್ಲಿ ಅವರ ಮನೆಯಲ್ಲಿ ಒಂದು ಹಳೆಯ ಇಂಗ್ಲಿಷ್ ನಿಘಂಟು ಇತ್ತಂತೆ. ಮುಂದಿನ ಹಾಳೆಗಳನ್ನು ಇಲಿ ತಿಂದಿದ್ದವು. ಉಳಿದದ್ದು ಕೊನೆಯ ಕೆಲವು ಪುಟ, ಅದರಲ್ಲಿ ಲ್ಯಾಟಿನ್ ನುಡಿಗಳು, ಎದುರಿಗೆ ಅವುಗಳ ಇಂಗ್ಲಿಷ್ ಅರ್ಥ. ಓದಲು ಬೇರೆ ಪುಸ್ತಕವಿಲ್ಲದ ಹುಡುಗ ಅದನ್ನೇ ಬಾಯಿಪಾಠ ಮಾಡಿದ್ದ. ಮುಂದೆ ವಕೀಲರಾದಾಗ ಅವೇ ನುಡಿಗಳು ಕಾನೂನು ಪುಸ್ತಕದಲ್ಲಿ ಎದುರಾಗಿ, ಊರಿನ ಗೆಳೆಯರು ಸಿಕ್ಕ ಹಾಗಾಯಿತು ಎಂದು ಹೇಳುತ್ತಿದ್ದರು.

ಲ್ಯಾಟಿನ್ ಅವರಿಗೆ ಕೋರ್ಟಿಗಷ್ಟೇ ಮೀಸಲಾಗಿರಲಿಲ್ಲ. ನಲ್ಲಿಯಲ್ಲಿ ನೀರು ಬರದ ದಿನ, "ನೀರು ಸೈನ್ ಡೈ ಮುಂದಕ್ಕೆ ಹೋಗೈತೆ," ಅನ್ನುತ್ತಿದ್ದರು. ಯಾವ ದಿನ ಎಂದು ಹೇಳದೆ ಮುಂದೂಡುವುದಕ್ಕೆ ಹಾಗನ್ನುತ್ತಾರೆ. ಮೇಜಿನ ಮೇಲಿನ ಫೈಲುಗಳನ್ನು ನಾನು ಜೋಡಿಸಲು ಹೋದರೆ, "ಸ್ಟೇಟಸ್ ಕೋ, ಸ್ಟೇಟಸ್ ಕೋ," ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಇದ್ದದ್ದು ಇದ್ದ ಹಾಗೇ ಇರಲಿ ಎಂದರ್ಥ. ಅವರ ಹೆಂಡತಿ, ನಾನು ಅಮ್ಮ ಎನ್ನುತ್ತಿದ್ದವರು, ಕೇಳದೆಯೇ ಚಹಾ ತಂದುಕೊಟ್ಟರೆ ಅದು ಸುವೋ ಮೋಟು, ತಾವಾಗಿಯೇ ಮಾಡಿದ್ದು. "ಏನೋ ಒಂದು ಅನ್ಕಳ್ರೀ, ಆರಿಸ್ಕಂಡು ಕುಡೀಬೇಡ್ರಿ," ಎಂದು ಅಮ್ಮ ಒಳಗೆ ಹೋಗುತ್ತಿದ್ದರು.

ನನಗೆ ದಿನಕ್ಕೊಂದು ಪಾಠ. ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಪ್ರಶ್ನೆ ಬರುತ್ತಿತ್ತು.

"ಪ್ರೈಮಾ ಫೇಸಿ?"

"ಆನ್ ದ ಫೇಸ್ ಆಫ್ ಇಟ್, ಸರ್."

"ಕನ್ನಡ?"

"ಮೇಲ್ನೋಟಕ್ಕೆ."

"ನಿಮ್ಮೂರ ಕನ್ನಡ?"

"ಮ್ಯಾಲೆ ನೋಡಿದ್ರೆ ಹಂಗೆ ಕಾಣ್ತೈತೆ, ಸರ್."

ಕೊನೆಯ ಉತ್ತರ ಬಂದ ಮೇಲೇ ಅವರಿಗೆ ಸಮಾಧಾನ. ಅಫಿಡವಿಟ್ ಎಂದರೆ ಆಣೆ ಮಾಡಿ ಹೇಳಿದ್ದಾನೆ ಎಂದು ಅರ್ಥವಂತೆ, ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯ ಎ.ಎಂ., ಪಿ.ಎಂ. ಕೂಡ ಲ್ಯಾಟಿನ್ನೇ ಅಂತೆ. "ನಮ್ಮ ಜನ ದಿನಾ ಲ್ಯಾಟಿನ್ ಮಾತಾಡ್ತಾರೆ ಕಣಮ್ಮ, ಅವರಿಗೆ ಯಾರೂ ಹೇಳಿಲ್ಲ ಅಷ್ಟೆ," ಎನ್ನುತ್ತಿದ್ದರು.

ಇಷ್ಟೆಲ್ಲ ಕಲಿತರೂ ಕೋರ್ಟಿನ ಒಳಗೆ ನಾನು ಬಾಯಿ ಬಿಟ್ಟಿರಲಿಲ್ಲ. ಫೈಲು ಹಿಡಿದು ಅವರ ಹಿಂದೆ ನಿಲ್ಲುವುದು, ವಾಯ್ದೆಯ ತಾರೀಖು ಬರೆದುಕೊಳ್ಳುವುದು, ಅಷ್ಟೇ ನನ್ನ ಕೆಲಸ. ಎದ್ದು ನಿಂತು ಮಾತಾಡಬೇಕೆಂದು ನೆನೆದರೇ ಅವರ ಬೆನ್ನ ಹಿಂದೆ ಇನ್ನಷ್ಟು ಸರಿಯುತ್ತಿದ್ದೆ. ಇಂಗ್ಲಿಷ್ ತಪ್ಪಾದೀತು, ಹಿಂದೆ ಕೂತವರು ನಕ್ಕಾರು ಎಂಬ ಭಯ.

ಆ ವರ್ಷವೇ ನಮ್ಮಲ್ಲಿಗೆ ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ನ್ಯಾಮತಿಗೆ ಮದುವೆ ಮಾಡಿಕೊಟ್ಟಿದ್ದರು. ನ್ಯಾಮತಿ ಹೊಸದಾಗಿ ತಾಲ್ಲೂಕಾಗಿದ್ದರೂ ಅಲ್ಲಿಯವರ ಕೇಸುಗಳು ಆಗ ಹೊನ್ನಾಳಿ ಕೋರ್ಟಿಗೇ ಬರುತ್ತಿದ್ದವು. ಗಂಡನಿಗೆ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಅಂಗಡಿ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಒಂದು ದಿನ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿ ಬಂದು ನೋಡಿದರೆ ಮಷಿನ್ ದನದ ಕೊಟ್ಟಿಗೆಯಲ್ಲಿತ್ತು. ಮುಂದಿನ ಕೋಣೆಯ ತುಂಬ ಸುಟ್ಟ ಮೋಟಾರುಗಳು. ಯಾಕೆ ಎಂದು ಕೇಳಿದಳು. ಗಂಡ ಉತ್ತರ ಕೊಡಲಿಲ್ಲ. ಅವನಿಗೆ ಉತ್ತರ ಕೊಡುವ ಅಭ್ಯಾಸವೇ ಇರಲಿಲ್ಲ. ಅವಳು ಮಷಿನ್ನನ್ನು ಬಸ್ಸಿಗೆ ಹಾಕಿಸಿಕೊಂಡು ಜಗಳೂರಿಗೆ ಹೊರಟುಹೋದಳು.

ಅವನು ಕರೆಯಲು ಬರಲಿ ಎಂದು ಇವಳು, ಇವಳೇ ಬರಲಿ ಎಂದು ಅವನು. ಒಂದು ವರ್ಷ ಹೀಗೇ ಕಳೆಯಿತು. ಆಮೇಲೆ ಹೆಂಡತಿ ಬಂದು ಸಂಸಾರ ಮಾಡಬೇಕು ಎಂದು ಅವನು ಕೋರ್ಟಿಗೆ ಹೋದ. ಸಿಟ್ಟಿನಲ್ಲಿ ಇವಳು ವಿಚ್ಛೇದನವೇ ಬೇಕೆಂದು ನಮ್ಮ ಕಚೇರಿಗೆ ಬಂದಳು.

"ಹೊಡೀತಿದ್ನೇನಮ್ಮ?" ಎಂದು ಸರ್ ಕೇಳಿದರು.

"ಇಲ್ರೀ."

"ಕುಡೀತಿದ್ನಾ?"

"ಅದೂ ಇಲ್ಲ. ಮಾತಾಡಾಂಗಿಲ್ಲ ಸರ್. ಗ್ವಾಡೆ ಜೊತೆ ಸಂಸಾರ ಮಾಡ್ದಂಗೆ. ಮಷಿನ್ ಯಾಕೆ ತೆಗೆದ್ರಿ ಅಂದ್ರೆ ಪಾನಾ ಹಿಡ್ಕಂಡು ಮೋಟಾರ್ ಬಿಚ್ಚಾಕೆ ಕುಂತ."

ಮೊದಲ ವಿಚಾರಣೆಯ ದಿನ ಹಾಲ್ ತುಂಬಿತ್ತು. ಹೊಲಿಗೆ ಮಷಿನ್ ಕೊಟ್ಟಿಗೆಗೆ ಹೋದ ಕಥೆ ಬರುತ್ತಿದ್ದಂತೆ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಅವಳು ತಲೆ ತಗ್ಗಿಸಿದಳು. ಅವನ ಕಿವಿ ಕೆಂಪಾಗಿತ್ತು. ನಮ್ಮ ಸರ್ ಎದ್ದು, ಇದನ್ನು ಇನ್ ಕ್ಯಾಮೆರಾ ನಡೆಸಬೇಕೆಂದು ಕೇಳಿಕೊಂಡರು. ನ್ಯಾಯಾಧೀಶರು ಒಪ್ಪಿ ಮುಂದಿನ ತಾರೀಖು ಕೊಟ್ಟರು.

ನಾನು ಒಳಗೆ ತಾರೀಖು ಬರೆದುಕೊಳ್ಳುತ್ತಿದ್ದೆ. ಹೊರಗೆ ಹೊಂಗೆ ಮರದ ಕೆಳಗೆ ಸರ್ ಅವಳಿಗೆ, "ಮುಂದಿನ ಸಲ ಇನ್ ಕ್ಯಾಮೆರಾ ಐತಮ್ಮ, ಸರಿಯಾಗಿ ಬಾ," ಎಂದಷ್ಟೇ ಹೇಳಿ ಚಹಾಕ್ಕೆ ಹೋದರಂತೆ. ಮರದ ಆ ಪಕ್ಕದಲ್ಲಿ ಬೈಕಿಗೆ ಒರಗಿ ಅವಳ ಗಂಡನೂ ನಿಂತು ಅದನ್ನು ಕೇಳಿಸಿಕೊಂಡಿದ್ದನಂತೆ.

ಮುಂದಿನ ವಾಯ್ದೆಯ ದಿನ ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಬಳಿ ಅವಳನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಗಿಳಿಹಸಿರು ರೇಷ್ಮೆ ಸೀರೆ, ನೇರಳೆ ಅಂಚು, ಮುಡಿಯಲ್ಲಿ ಕನಕಾಂಬರ, ಕೈತುಂಬ ಬಳೆ. ಜಗಳೂರಿನಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಹೊನ್ನಾಳಿಗೆ ಇನ್ನೊಂದು. ಅಷ್ಟು ದೂರ ಸೆರಗು ಮಡಿಲಲ್ಲಿ ಒತ್ತಿಕೊಂಡು ಕೂತು ಬಂದಿದ್ದಳು. ಯಾವುದೋ ಮದುವೆಯಿಂದ ನೇರ ಬಂದಳೇನೋ ಎಂದುಕೊಂಡೆ. ಅಷ್ಟರಲ್ಲಿ ಗಂಡ ಬೈಕಿನಲ್ಲಿ ಬಂದ. ಯಾವಾಗಲೂ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಬರುತ್ತಿದ್ದವನು ಅಂದು ಕಟಿಂಗ್ ಮಾಡಿಸಿ, ಬಿಳಿ ಅಂಗಿ ತೊಟ್ಟು, ಧೂಳು ಕೂರದಿರಲೆಂದು ಕಾಲರಿಗೆ ಕರವಸ್ತ್ರ ಸುತ್ತಿಕೊಂಡಿದ್ದ. ಬೈಕು ನಿಲ್ಲಿಸಿ ಕನ್ನಡಿಯಲ್ಲಿ ತಲೆ ಬಾಚಿಕೊಂಡ. ಬಾಚುತ್ತಿದ್ದ ಕೈ ಅವಳನ್ನು ಕಂಡದ್ದೇ ಹಾಗೇ ನಿಂತಿತು. ಅವಳು ಮುಖ ತಿರುಗಿಸಿದಳು. ಆದರೆ ಪೂರ್ತಿ ತಿರುಗಿಸಲಿಲ್ಲ, ನಾನು ನೋಡಿದೆ.

ನಮ್ಮ ಕೇಸು ಕೂಗಿದರು. ಅಟೆಂಡರ್ ಬೇರೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಒಳಗೆ ಉಳಿದದ್ದು ನ್ಯಾಯಾಧೀಶರು, ಕೋರ್ಟಿನ ಸಿಬ್ಬಂದಿ, ಎರಡೂ ಕಡೆಯ ವಕೀಲರು, ಆ ಗಂಡ ಹೆಂಡತಿ ಮತ್ತು ನಾನು. ಅವಳು ಸೆರಗು ಸರಿಮಾಡಿಕೊಂಡು ನೇರವಾಗಿ ನಿಂತು ಮೂಲೆ ಮೂಲೆ ನೋಡತೊಡಗಿದಳು. ಅವನೂ ತಲೆ ಎತ್ತಿ ಫ್ಯಾನಿನ ಕಡೆ, ಕಿಟಕಿಯ ಕಡೆ ನೋಡಿದ.

"ಏನಮ್ಮ ಹುಡುಕ್ತಿದೀರಿ?" ಎಂದರು ನ್ಯಾಯಾಧೀಶರು. ಅವರೂ ಹೆಂಗಸೇ.

"ಕ್ಯಾಮೆರಾ ಎಲ್ಲೈತ್ರೀ ಮೇಡಂ? ಯಾವ ಕಡೆ ಮುಖ ಮಾಡಿ ನಿಂದ್ರಬೇಕು?"

"ನಾನೂ ಅದನ್ನೇ ನೋಡ್ತಿದೀನ್ರೀ," ಎಂದ ಗಂಡ, ಮೆಲ್ಲಗೆ.

ನಮ್ಮ ಸರ್ ಕೈಯಿಂದ ಬಾಯಿ ಮುಚ್ಚಿಕೊಂಡರು. ಎದುರು ವಕೀಲರು ಫೈಲಿನೊಳಗೆ ಮುಖ ಹುದುಗಿಸಿದರು. ನ್ಯಾಯಾಧೀಶರು ನಗು ತಡೆದುಕೊಂಡು ನನ್ನ ಕಡೆ ನೋಡಿ, "ನೀವು ಹೇಳಿ, ಅವರಿಗೆ ಅರ್ಥ ಆಗೋ ಹಂಗೆ," ಎಂದರು.

ಹೆದರಲು ಸಮಯವೇ ಸಿಗಲಿಲ್ಲ. ಎದ್ದು ನಿಂತೆ. "ಇದು ಲ್ಯಾಟಿನ್ ಅನ್ನೋ ಹಳೇ ಭಾಷೆ ಮಾತು. ಆ ಭಾಷೇಲಿ ಕ್ಯಾಮೆರಾ ಅಂದ್ರೆ ಕ್ವಾಣೆ ಅಷ್ಟೆ. ಇನ್ ಕ್ಯಾಮೆರಾ ಅಂದ್ರೆ ಬಾಗಿಲು ಹಾಕ್ಕಂಡು ಕ್ವಾಣೆ ಒಳಗೆ ಮಾತಾಡೋದು. ಹೊರಗಿನವರು ಯಾರೂ ಕೇಳಂಗಿಲ್ಲ, ನಗಂಗಿಲ್ಲ. ಫೋಟೊ ಏನೂ ತೆಗೆಯಲ್ಲ." ಕೋರ್ಟಿನಲ್ಲಿ ನಾನು ಆಡಿದ ಮೊದಲ ಮಾತು ಇದು. ದನಿ ನಡುಗಲಿಲ್ಲ. ಅದು ನನಗೂ ಆಶ್ಚರ್ಯ.

ಅವಳಿಗೆ ನಿರಾಸೆಯಾಯಿತು. "ಈ ಸೀರೆ ಇಸ್ತ್ರಿ ಮಾಡಾಕೆ ನಿನ್ನೆ ಎಷ್ಟೊತ್ತು ಹೋಯ್ತು ಗೊತ್ತೈತಾ ಅಕ್ಕಾ," ಎಂದಳು.

"ಸೀರೆ ಚಲೋ ಐತೆ."

ಹೇಳಿದವನು ಗಂಡ. ನೆಲ ನೋಡಿಕೊಂಡೇ ಹೇಳಿದ. ಅವಳು ತಟ್ಟನೆ ಅವನ ಕಡೆ ತಿರುಗಿದಳು.

"ಇಷ್ಟು ಅನ್ನಾಕೆ ಜಡ್ಜ್ ಮುಂದೆ ಬರಬೇಕಾಯ್ತಾ ನಿಮಗೆ? ಇದರ ರವಿಕೆ ಹೊಲಿದೋಳು ನಾನೇ. ನೀವು ಕೊಟ್ಟಿಗೆಗೆ ಹಾಕಿದ್ರಲ್ಲ, ಅದೇ ಮಷಿನ್‌ನಾಗೆ."

"ಹಾಕಿದ್ದಲ್ಲ. ಮೋಟಾರ್ ಒಂದೇ ಸಲ ಬಂದ್ವು, ಇಳಿಸಾಕೆ ಜಾಗ ಇರ್ಲಿಲ್ಲ. ಮತ್ತೆ ತಂದಿಡಾನ ಅಂದ್ಕಂಡಿದ್ದೆ."

"ಇದನ್ನ ಅವರಿಗೆ ಹೇಳಿದ್ರಾ?" ಎಂದು ನ್ಯಾಯಾಧೀಶರು ಕೇಳಿದರು.

ಅವನು ತಲೆ ಕೆರೆದುಕೊಂಡ. "ಇಲ್ರೀ ಮೇಡಂ. ಸಿಟ್ನಾಗೆ ಕೇಳಿದ್ಲು. ಏನ್ ಹೇಳಿದ್ರೂ ತಪ್ಪಾಗ್ತದೆ ಅಂತ ಸುಮ್ನಿದ್ದೆ. ಆಮೇಲೆ ಹೇಳಾನ ಅನ್ನೋದ್ರಾಗೆ ಬಸ್ ಹತ್ತಿದ್ಲು."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಪಕ್ಕದ ಕೋಣೆಯಲ್ಲಿ ಇಬ್ಬರೇ ಕೂತು ಮಾತಾಡಿ ಬನ್ನಿ ಎಂದು ಕಳಿಸಿದರು. ನಾವು ಹೊರಗೆ ಕಾಯುತ್ತಾ ಕೂತೆವು. ಮೊದಲು ಅವಳ ದನಿ ಎದ್ದಿತು. ಸ್ವಲ್ಪ ಹೊತ್ತಿಗೆ ಅವನ ದನಿಯೂ ಎದ್ದಿತು. ಇಬ್ಬರೂ ಒಟ್ಟಿಗೇ ಗಟ್ಟಿಯಾಗಿ ಮಾತಾಡತೊಡಗಿದಾಗ ನಾನು ಗಾಬರಿಯಿಂದ ಏಳಲು ಹೋದೆ. ಸರ್ ನನ್ನ ಕೈ ಹಿಡಿದು ಕೂರಿಸಿದರು.

"ಕುಂತ್ಕ ತಾಯಿ. ಮಾತಿಲ್ದೆ ಕೋರ್ಟಿಗೆ ಬಂದೋರು. ಈಗ ಜಗಳ ಆಡ್ತಿದಾರೆ. ಇದು ಒಳ್ಳೇ ಸುದ್ದಿ."

ಅದೇ ದಿನ ಎಲ್ಲ ಸರಿಹೋಯಿತು ಎಂದೇನಲ್ಲ. ಅವಳು ಸಂಜೆ ಜಗಳೂರಿಗೇ ಹೋದಳು. ಇನ್ನೂ ಕೆಲವು ವಾಯ್ದೆ ನಡೆದವು. ಮುಂದಿನ ಕೋಣೆ ತನ್ನದೇ ಆಗಬೇಕು, ಹೊರಗೆ ಟೈಲರಿಂಗ್ ಎಂದು ಬೋರ್ಡ್ ಹಾಕಬೇಕು, ಕೇಳಿದ್ದಕ್ಕೆ ಹ್ಞೂಂ ಅಂತಾದರೂ ಅನ್ನಬೇಕು ಎಂದು ಅವಳು ಹಟ ಹಿಡಿದಳು. ಹೇಳದೆ ಬಸ್ಸು ಹತ್ತಬಾರದು ಎಂಬುದೊಂದೇ ಅವನ ಬೇಡಿಕೆ. ಅವನು ಮೋಟಾರುಗಳಿಗೆ ಸಂತೆಪೇಟೆಯ ಹತ್ತಿರ ಒಂದು ಶೆಡ್ ಮಾಡಿದ. ಆಮೇಲೆ ಲಗೇಜ್ ಆಟೊ ಮಾಡಿಕೊಂಡು ತಾನೇ ಜಗಳೂರಿಗೆ ಹೋಗಿ ಹೆಂಡತಿಯನ್ನೂ ಮಷಿನ್ನನ್ನೂ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಮಷಿನ್ ಅಲ್ಲಾಡದ ಹಾಗೆ ಹಿಂದೆ ಕೂತು ಹಿಡಿದುಕೊಂಡಿದ್ದನಂತೆ. ಎರಡೂ ಅರ್ಜಿಗಳನ್ನು ವಾಪಸು ಪಡೆದ ದಿನ ಅವರಿಬ್ಬರೂ ಕೋರ್ಟಿನ ಮುಂದೆ ನಮ್ಮ ಸರ್ ಅವರನ್ನು ನಡುವೆ ನಿಲ್ಲಿಸಿಕೊಂಡು ನನ್ನ ಫೋನಿನಲ್ಲಿ ಫೋಟೊ ತೆಗೆಸಿಕೊಂಡರು.

ಆ ಇನ್ ಕ್ಯಾಮೆರಾ ದಿನದಿಂದ ಸರ್ ಕಕ್ಷಿದಾರರ ಜೊತೆ ಲ್ಯಾಟಿನ್ ಮಾತಾಡುವುದನ್ನು ಬಿಟ್ಟರು. ನನ್ನ ಜೊತೆ ಮತ್ತು ಚಹಾ ತರುವ ಅಮ್ಮನ ಜೊತೆ ಮಾತ್ರ ಮುಂದುವರಿಸಿದರು. ನನ್ನನ್ನಂತೂ ಆ ಬಾಗಿಲು ಹಾಕಿದ ಕೋಣೆಯಲ್ಲಿ ದೊಡ್ಡ ಭಯವೊಂದು ಬಿಟ್ಟುಹೋಯಿತು. ಮುಂದಿನ ವಾರವೇ ಒಂದು ಜಮೀನಿನ ಕೇಸಿನಲ್ಲಿ ತುಂಬಿದ ಹಾಲ್‌ನಲ್ಲಿ ನಿಂತು ವಾದ ಮಾಡಿದೆ. ಹಿಂದಿನ ಬೆಂಚಿನವರು ನಕ್ಕರೋ ಇಲ್ಲವೋ, ತಿರುಗಿ ನೋಡಲಿಲ್ಲ.

ಈಗ ಚನ್ನಗಿರಿಯಲ್ಲಿ ನನ್ನದೇ ಕಚೇರಿ ಇದೆ. ಹೋದ ವರ್ಷ ಕೆಲಸದ ಮೇಲೆ ನ್ಯಾಮತಿಗೆ ಹೋದಾಗ ಆ ಗಂಡ ಹೆಂಡತಿಯ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳು ಹೊಲಿಗೆ ಕಲಿಯುತ್ತಿದ್ದರು. ಅವಳು ಬಿಸಿ ರೊಟ್ಟಿ, ತವರಿನ ಶೇಂಗಾದ ಚಟ್ನಿ ಬಡಿಸಿ, ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿದಳು. ಹೊರಡುವಾಗ ಅವನು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ದಾರಿಯಲ್ಲಿ ಯಾವ ಕಂಪನಿಯ ಮೋಟಾರ್ ಎಷ್ಟು ವರ್ಷ ಬಾಳುತ್ತದೆ, ಯಾವುದನ್ನು ಯಾವತ್ತೂ ಕೊಳ್ಳಬಾರದು ಎಂದೆಲ್ಲ ಹೇಳಿದ. ಬಸ್ಸು ಬಂದು ನಾನು ಕಿಟಕಿ ಪಕ್ಕ ಕೂತ ಮೇಲೂ ಕೆಳಗೆ ನಿಂತು, ಉಬ್ರಾಣಿಯಲ್ಲಿರುವ ನಮ್ಮಪ್ಪನ ತೋಟದ ಬೋರಿಗೆ ಯಾವ ಪಂಪು ಸರಿಯಾಗುತ್ತದೆ ಎಂದು ವಿವರಿಸುತ್ತಲೇ ಇದ್ದ. ಕಂಡಕ್ಟರ್ ಎರಡು ಸಲ ಸೀಟಿ ಊದಬೇಕಾಯಿತು.