ಮಾವನ ಭುಜ ವಾಸಿಯಾದ ದಿನ

2006ರ ಮೇ ತಿಂಗಳು. ಫಿಸಿಯೋಥೆರಪಿ ಸಹಾಯಕರ ಸರ್ಟಿಫಿಕೇಟ್ ಪರೀಕ್ಷೆಗೆ ನಾನು ಎರಡನೇ ಸಲ ಕೂತಿದ್ದೆ. ಘಾಜಿಯಾಬಾದಿನ ನರ್ಸಿಂಗ್ ಹೋಮ್ ಒಂದರಲ್ಲಿ ತಾತ್ಕಾಲಿಕ ಕೆಲಸ. ಈ ಸಲವೂ ಸರ್ಟಿಫಿಕೇಟ್ ತರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಅಲ್ಲಿನ ಮೇಡಂ ನಗುನಗುತ್ತಲೇ ಹೇಳಿದ್ದರು. ಆ ನಗುವನ್ನೂ ನಾನು ಮಾಡಿ ತೋರಿಸಬಲ್ಲೆ, ಅದು ಬೇರೆ ವಿಷಯ.

ಪ್ರಾಕ್ಟಿಕಲ್‌ಗೆ ರೋಗಿಯ ಪಾತ್ರ ಮಾಡುವವರನ್ನು ನಾವೇ ಕರೆತರಬೇಕಿತ್ತು. ದೆಹಲಿಯ ಮುನಿರ್ಕಾದಲ್ಲಿದ್ದ ನನ್ನ ರೂಮ್‌ಮೇಟ್‌ಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶೇಷಣ್ಣ ಮಾವ. ರಜೆ ಹಾಕಿ ಬರುತ್ತೇನೆ ಎಂದರು. ಆಮೇಲೆ ಆ ಒಂದು ರಜೆಯ ಬಗ್ಗೆ ವಾರವಿಡೀ ಕೊರೆದರು.

ಪಾತ್ರ ಸರಳ. ಮಾವನಿಗೆ ಭುಜ ಹಿಡಿದುಕೊಂಡಿದೆ, ಕೈ ಭುಜಕ್ಕಿಂತ ಮೇಲೇಳಬಾರದು. ಅಭ್ಯಾಸಕ್ಕೆ ನಾನೇ ಪರೀಕ್ಷಕನಾದೆ. ಹೋದ ಸಲ ನನ್ನನ್ನು ಫೇಲ್ ಮಾಡಿದ ಡಾಕ್ಟರ್ ಸಾಹೇಬರು ನನ್ನ ಗಂಟಲಲ್ಲೇ ಬಿಡಾರ ಹೂಡಿದ್ದರು. ಮೂಗಿನಿಂದ ಹೊರಡುವ ‘ಅಚ್ಛಾ...ಆ...ಆ’, ಒಂದು ಸಣ್ಣ ಕೆಮ್ಮು, ಆಮೇಲೆ ‘ಚಲೋ, ಬತಾವೋ’ ಎಂದು ಉತ್ತರ ಹೇಳಲು ಅಪ್ಪಣೆ. ಪ್ರಶ್ನೆಯನ್ನು ಅವರ ಧ್ವನಿಯಲ್ಲಿ ಕೇಳಿ ಉತ್ತರವನ್ನೂ ಅವರ ಧ್ವನಿಯಲ್ಲೇ ಹೇಳುತ್ತಿದ್ದೆ. ಹಾಗೆ ಹೇಳಿದರೆ ತಪ್ಪೇ ಆಗುತ್ತಿರಲಿಲ್ಲ. ಮಾವ ನಕ್ಕು ನಕ್ಕು ಮಂಚದಿಂದ ಜಾರುತ್ತಿದ್ದರು.

ಪರೀಕ್ಷೆಯ ದಿನ ಒಳಗೆ ಹೋದರೆ ಅದೇ ಡಾಕ್ಟರ್. ಮಾವ ಹೊಸ ಬನಿಯನ್‌ನಲ್ಲಿ ಗಂಭೀರವಾಗಿ ಮೇಜಿನ ಮೇಲೆ ಕೂತರು. ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ‘ಅಚ್ಛಾ...ಆ...ಆ’ ಎಂದು ಎಳೆದು, ಕೆಮ್ಮಿದರು.

ಅಷ್ಟೇ. ಮಾವನ ಹೊಟ್ಟೆ ಕುಲುಕತೊಡಗಿತು. ನಾನು ಹಲ್ಲು ಕಚ್ಚಿ ಕಣ್ಣಲ್ಲೇ ಬೇಡಿಕೊಂಡೆ. ‘ಚಲೋ’ ಬಂದದ್ದೇ ತಡ, ಮಾವ ಹೋ ಎಂದು ನಕ್ಕು, ಮೇಲೇಳಬಾರದ ಆ ಕೈಯನ್ನೇ ಎತ್ತಿ ತಲೆ ಚಚ್ಚಿಕೊಂಡರು.

“ಭುಜ ವಾಸಿಯಾಯ್ತು,” ಎಂದರು ಡಾಕ್ಟರ್ ಹಿಂದಿಯಲ್ಲಿ. ನಗುವಿಗೆ ಕಾರಣ ಕೇಳಿದರು.

ಏನಾದರೂ ಒಂದು ಸುಳ್ಳು ಹೇಳಬಾರದೇ? ಮಾವ ಕಣ್ಣೊರೆಸಿಕೊಂಡು, “ನಮ್ಮ ಹುಡುಗ ಮನೇಲಿ ಥೇಟ್ ನಿಮ್ಮ ಥರಾನೇ ಮಾತಾಡ್ತಾನೆ ಸರ್. ನಿಮಗಿಂತ ಚೆನ್ನಾಗಿ,” ಎಂದರು.

ಅವರನ್ನು ಅಲ್ಲೇ ಕಿಟಕಿಯಿಂದ ಎಸೆದುಬಿಡೋಣ ಅನಿಸಿತು. ಡಾಕ್ಟರ್ ಮಾಡಿ ತೋರಿಸು ಎಂದರು. ಕೆಲಸವಂತೂ ಹೋಯಿತು, ಇನ್ನೇನು ಎಂದುಕೊಂಡು ಶುರುಮಾಡಿದೆ. ಎಳೆತ, ಕೆಮ್ಮು, ಭುಜವನ್ನು ಪರೀಕ್ಷಿಸುವ ಕ್ರಮ, ಯಾವ ವ್ಯಾಯಾಮ ಮೊದಲು, ಯಾವುದು ಮಾಡಿಸಲೇಬಾರದು, ಎಲ್ಲವೂ ಅವರ ಮೂಗಿನಲ್ಲೇ ಸರಾಗವಾಗಿ ಬಂತು. ಅವರು ನಗಲಿಲ್ಲ.

“ಈಗ ನಿನ್ನ ಧ್ವನಿಯಲ್ಲಿ ಹೇಳು. ನಾಳೆ ನಿನ್ನ ಪೇಷಂಟ್ ಹತ್ತಿರ ನಾನು ಬರೋದಿಲ್ಲ.”

ಊರಿನವರ ಧ್ವನಿಯೆಲ್ಲ ಗೊತ್ತಿದ್ದ ನನಗೆ ನನ್ನ ಧ್ವನಿ ಹೇಗಿದೆ ಎಂದೇ ಗೊತ್ತಿರಲಿಲ್ಲ. ತಡವರಿಸುತ್ತ, ನಡುನಡುವೆ ನಿಲ್ಲುತ್ತ, ಒಂದು ತೆಳ್ಳಗಿನ ಧ್ವನಿಯಲ್ಲಿ ಹೇಳಿ ಮುಗಿಸಿದೆ. ಅವರು ಏನೋ ಬರೆದುಕೊಂಡರು.

ಪಾಸಾದೆ. ಅದು ತಮ್ಮಿಂದಲೇ ಎಂದು ಮಾವ ಇವತ್ತಿಗೂ ಮದುವೆ ಮುಂಜಿಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಆದರೆ ನಿಜವಾಗಿಯೂ ಭುಜ ಹಿಡಿದುಕೊಂಡವರು ಎದುರಿಗೆ ಕೂತಾಗ ಮಾತ್ರ ನಾನು ಯಾರ ಧ್ವನಿಯನ್ನೂ ಕರೆಯುವುದಿಲ್ಲ. ಆ ತೆಳ್ಳಗಿನದರಲ್ಲೇ ‘ನಿಧಾನ’ ಅನ್ನುತ್ತೇನೆ. ಅವರು ಅದನ್ನು ನಂಬಿ ಕೈ ಎತ್ತುತ್ತಾರೆ.