‘ತಾನೇ’ ಎಂದು ಬರೆದ ದಿನ

ಹಲ್ಲುನೋವಿಗೆಂದು ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ಲವಂಗದೆಣ್ಣೆಯ ವಾಸನೆ ಬಂತು. ಎದ್ದು ನಿಂತೆ, ಮತ್ತೆ ಕೂತೆ... ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಿಶುವಿಹಾರದಲ್ಲಿ ನಮ್ಮ ಮಿಸ್ ಮಕ್ಕಳ ಆಟಕ್ಕೆ ಮೈದಾಹಿಟ್ಟು ಕಲಸುವಾಗ, ಬೇಗ ಕೆಡದಿರಲೆಂದು ಇದೇ ಎಣ್ಣೆಯ ಎರಡು ಹನಿ ಹಾಕುತ್ತಿದ್ದರು. ಎರಡೋ, ಮೂರೋ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಸೈಕಾಲಜಿ ಎಂ.ಎ. ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಆ ಶಿಶುವಿಹಾರಕ್ಕೆ ಸಹಾಯಕ ಶಿಕ್ಷಕನಾಗಿ ಸೇರಿದ್ದೆ. ಮಾತು ಬಾರದ ಮಕ್ಕಳು, ನಡೆಯಲು ಕಷ್ಟವಿರುವ ಮಕ್ಕಳು, ಉಳಿದವರು, ಎಲ್ಲರೂ ಒಂದೇ ಕೋಣೆಯಲ್ಲಿ ಕಲಿಯುತ್ತಿದ್ದರು. ಮಿಸ್ ಆ ತರಗತಿಯ ಮುಖ್ಯ ಶಿಕ್ಷಕಿ. ಮಗುವಿಗೆ ಕೈ ನೀಡಲು ನಾನು ಬಗ್ಗಿದರೆ ಸಾಕು, "ಏನ್ರೀ ಯೂನಿವರ್ಸಿಟಿ, ಅವಸರ ಯಾರಿಗೆ? ಮಗೂಗಾ, ನಿಮಗಾ?" ಎನ್ನುತ್ತಿದ್ದರು. ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಸಹಾಯ ಮಾಡಬೇಕು. ಮಗು ಕೆಲಸವನ್ನು ಹೇಗೆ ಮಾಡಿತೆಂದು ಪುಸ್ತಕದಲ್ಲಿ ಬರೆಯಬೇಕು: ‘ಕೈ ಹಿಡಿದು’, ‘ತೋರಿಸಿದ ಮೇಲೆ’, ‘ತಾನೇ’. ಮೊಣಕೈಯನ್ನು ಹಿಂದಿನಿಂದ ಚೂರು ತಳ್ಳಿದರೂ ಅದು ಸಹಾಯವೇ. ನಾನು ಏಳರಾಚೆ ಎಣಿಸಿದವನಲ್ಲ.

ಮಾತಾಡದ ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ಪಾಲಿಗಿದ್ದಳು. ಅವಳು ಎಲ್‌ಕೆಜಿಗೆ ಹೋಗುವಾಗ ಪಕ್ಕದಲ್ಲಿ ಕೂರಲು ಒಬ್ಬರು ಬೇಕೋ ಬೇಡವೋ ಎಂಬುದು ಆ ವರ್ಷದ ಕೊನೆಯ ಪುಟದ ಮೇಲೆ ನಿಂತಿತ್ತು. ಆ ಪುಟ ಬರೆಯುವ ದಿನ ಅವಳ ತಾಯಿಯನ್ನೂ ಕರೆಸಿದ್ದರು. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಹುಡುಗಿಯ ಹಿಂದೆಯೇ ಕೂತಿದ್ದೆ. ಅವಳ ಕೈಯಲ್ಲಿ ಊಟದ ಡಬ್ಬಿಯ ಮುಚ್ಚಳ ತೆರೆದುಕೊಂಡಿತು. ತಾಯಿ ವೇಲಿನಿಂದ ಕಣ್ಣೊರೆಸಿಕೊಂಡರು. ನಾನು ‘ತಾನೇ’ ಎಂದು ಬರೆದೆ.

ಮಕ್ಕಳು ಹೋದ ಮೇಲೆ ಮಿಸ್ ಕೇಳಿದರು: "ಮೊಣಕೈ ಮುಟ್ಟಿದ್ರಾ?"

"ಇಲ್ಲ ಮಿಸ್."

"ಸಹಾಯ ಬೇಕು ಅಂತ ಬರೆಯೋದು ಅವಮಾನ ಅಲ್ಲ ಕಣ್ರೀ. ಬರೀದೇ ಇದ್ರೆ ಅವಳಿಗೆ ಯಾರು ಕೊಡ್ತಾರೆ?"

"ಇಲ್ಲ ಅಂದ್ನಲ್ಲ ಮಿಸ್."

ಅವರು ಸಹಿ ಹಾಕಿದರು.

ಜೂನ್‌ನಲ್ಲಿ ಹುಡುಗಿ, ಸಹಾಯಕ್ಕೆ ಯಾರೂ ಇಲ್ಲದೆ, ಒಬ್ಬಳೇ ಪಕ್ಕದ ಶಾಲೆಯ ಎಲ್‌ಕೆಜಿಗೆ ಹೋದಳು. ಮೊದಲ ವಾರವೆಲ್ಲ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ಮರಳಿತಂತೆ. ವಿಷಯ ತಿಳಿದ ದಿನದಿಂದ ಮಿಸ್ ಊಟದ ಹೊತ್ತಿನಲ್ಲಿ ಅವಳ ಪಕ್ಕ ಹೋಗಿ ಕೂರತೊಡಗಿದರು. ತಾವು ಯಾವಾಗ ಉಣ್ಣುತ್ತಿದ್ದರೋ, ನಾನು ಕೇಳಲಿಲ್ಲ. ಅವರೂ ನನಗೆ ಏನೂ ಅನ್ನಲಿಲ್ಲ. ದಸರಾ ರಜೆಗೆ ಮುಂಚೆಯೇ ನಾನು ಕೆಲಸ ಬಿಟ್ಟೆ.

ಮುಟ್ಟಿದ್ದೆನೇ? ಒಮ್ಮೊಮ್ಮೆ ಆ ಪುಟ್ಟ ಮೊಣಕೈ ಬೆರಳ ತುದಿಗೆ ತಾಕಿದಂತಾಗುತ್ತದೆ. ಮರುಕ್ಷಣವೇ, ಅದು ಮಿಸ್ ಕೇಳಿದ ಪ್ರಶ್ನೆಯಿಂದಲೇ ಹುಟ್ಟಿದ ನೆನಪಿರಬಹುದು ಎನಿಸುತ್ತದೆ. ನೆನಪುಗಳು ಹೀಗೂ ಹುಟ್ಟುತ್ತವೆಂದು ಓದಿದ್ದೇನೆ... ಓದಿದ್ದು ನೆಪಕ್ಕೂ ಒದಗುತ್ತದೆ.

ಹೇಳಿಬಿಡೋಣ ಎಂದು ಒಮ್ಮೆ ಬೋಗಾದಿಯಲ್ಲಿದ್ದ ಮಿಸ್ ಮನೆಗೆ ಹೋಗಿದ್ದೆ. "ಬಂದ್ಬುಟ್ರಾ ಯೂನಿವರ್ಸಿಟಿ!" ಎಂದು ನಕ್ಕು ಕಾಫಿ ಕೊಟ್ಟರು. ಅಗೆದು ಬಿಟ್ಟಿದ್ದ ರಸ್ತೆಯ ಬಗ್ಗೆ ಮಾತಾಡಿ ಎದ್ದು ಬಂದೆ. ಹೋದ ವರ್ಷ ಅವರು ತೀರಿಕೊಂಡರು.

ಕ್ಲಿನಿಕ್ಕಿನಲ್ಲಿ ನನ್ನ ಹೆಸರನ್ನು ಎರಡನೆಯ ಸಲ ಕರೆಯುತ್ತಿದ್ದರು. ಮುಟ್ಟಿದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ಆದರೆ ಮಿಸ್ ಕೇಳಿದಾಗ ನಾನು ಒಂದು ಗಳಿಗೆಯೂ ಯೋಚಿಸದೆ ‘ಇಲ್ಲ’ ಎಂದೆ. ಅದು ಗೊತ್ತು. ಅಷ್ಟನ್ನಾದರೂ ಅವರಿಗೆ ಹೇಳಬಹುದಿತ್ತು.