ಲೈಬ್ರರಿ ಗ್ರೂಪಿನಲ್ಲಿ ಸುನಂದ

ನನ್ನ ಹೆಂಡತಿ ಸುನಂದ ತೀರಿಹೋಗಿ ಐದು ತಿಂಗಳಾಯಿತು. ಓದುವ ಚಟ ಅವಳದು. ನನ್ನದು ಮೂರನೇ ಕ್ಲಾಸು, ಮತ್ತೆ ಮೀನು ಮಾರಾಟ. ಅವಳು ಹೋದ ಮೇಲೂ ಅವಳ ಮೊಬೈಲಿಗೆ ಲೈಬ್ರರಿಯ ಓದುಗರ ಗ್ರೂಪಿನಿಂದ ದಿನಾ ಮೆಸೇಜು ಬರುತ್ತಿತ್ತು. ಉತ್ತರ ಕೊಡದಿದ್ದರೆ ಮರ್ಯಾದೆ ಅಲ್ಲ ಎಂದು ನಾನು ಎಲ್ಲದಕ್ಕೂ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ.

ಒಂದು ದಿನ ಲೈಬ್ರರಿ ಮೇಡಂ ಫೋನು ಮಾಡಿದರು. "ಸುನಂದಕ್ಕ ಈ ವರ್ಷದ ಉತ್ತಮ ಓದುಗರು. ಸನ್ಮಾನ ಉಂಟು."

ನನಗೆ ಹೆದರಿಕೆಯಾಯಿತು. ದೇರೆಬೈಲಿನಿಂದ ಬಸ್ಸು ಹಿಡಿದು ಲೈಬ್ರರಿಗೆ ಹೋದೆ.

"ಅವಳು ಹೋದಳು ಮೇಡಂ. ಒತ್ತಿದ್ದೆಲ್ಲ ನಾನು. ನಿಜವಾಗಿ ಓದಿದವಳು ಅವಳು, ನನ್ನ ಒತ್ತಾಟದಿಂದ ಅವಳಿಗೆ ಸುಳ್ಳು ಹೆಸರು ಬೇಡ. ಗ್ರೂಪಿನಿಂದ ತೆಗೆಯಿರಿ."

ಮೇಡಂ ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದರು.

"ಪಾಪ. ಆದ್ರೆ ತೆಗೆಯುವುದು ಹೇಗೆ ಅಣ್ಣಾ? ಗ್ರೂಪಿನಲ್ಲಿ ನಾನೂರು ಜನ ಇದ್ದಾರೆ, ಉತ್ತರ ಕೊಡುವುದು ಸುನಂದಕ್ಕ ಒಬ್ಬರೇ. ಅವರೂ ಹೋದರೆ ಮೇಲಿನವರಿಗೆ ನಾನು ಎಂತ ತೋರಿಸುವುದು?"

"ಸತ್ತವಳನ್ನು ತೋರಿಸುವುದಾ?"

"ಬದುಕಿದವರು ಒತ್ತುವುದಿಲ್ಲ ಮಾರಾಯ್ರೆ!"

ಸನ್ಮಾನ ಬೇಡ ಎಂದೆ, ಅದಕ್ಕೆ ಒಪ್ಪಿದರು. ಹೆಸರು ಮಾತ್ರ ಉಳಿಯಿತು. ಅದು ಅಲ್ಲಿ ಇರುವುದು ನನಗೂ ಬೇಕಿತ್ತು ಅಂತ ಬಸ್ಸಿನಲ್ಲಿ ಗೊತ್ತಾಯಿತು.

ಈಗಲೂ ದಿನಾ ಒತ್ತುತ್ತೇನೆ. ಇದ್ದಾಗ ಅವಳು ಯಾವ ಮಾತಿಗೂ ಇಷ್ಟು ಬೇಗ ಸೈ ಅಂದವಳಲ್ಲ.